ಕಾಣದ್ದು, ಇಲ್ಲದ್ದು

ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಮೊದಲ ಎಂಟು ವರ್ಷ ನಾನೇ ಹುಡುಕುತ್ತಿದ್ದೆ. ಆಮೇಲೆ ಹುಡುಕುವವರ ತಂಡವನ್ನು ನಡೆಸುತ್ತ ಬಂದಿದ್ದೇನೆ. ಒಂದು ಬಿಲ್ಡ್, ಅಂದರೆ ಸಾಫ್ಟ್‌ವೇರಿನ ಹೊಸ ಆವೃತ್ತಿ, ಹೊರಗೆ ಹೋಗುವ ಮುಂಚೆ, ಹೆಚ್ಚಾಗಿ ರಾತ್ರಿ ಹತ್ತು ದಾಟಿದ ಮೇಲೆ, ಟೆಸ್ಟ್ ಲೀಡ್ ಆದವಳು ಒಂದು ಮೇಲ್ ಕಳಿಸಬೇಕು. ಅದಕ್ಕೆ ಸೈನ್-ಆಫ್ ಅನ್ನುತ್ತೇವೆ. ಬರೆಯುವುದು ಹೆಚ್ಚೇನಿಲ್ಲ: ಇಷ್ಟು ಟೆಸ್ಟ್ ಕೇಸ್ ನಡೆಸಿದೆವು, ಇಷ್ಟು ಪಾಸ್ ಆದವು, ಗಂಭೀರವಾದ ಬಗ್ ಯಾವುದೂ ಇಲ್ಲ.

ಆ ಕೊನೆಯ ಎರಡಕ್ಷರದ 'ಇಲ್ಲ' ನನ್ನನ್ನು ಬಹಳ ಕಾಲ ಕಾಡಿದೆ. ಇಲ್ಲ ಎಂದು ನನಗೆ ಹೇಗೆ ಗೊತ್ತು? ಕಂಡಿಲ್ಲ ಎನ್ನುವುದು ಗೊತ್ತು, ಅಷ್ಟೇ. ಕಂಡಿಲ್ಲ ಎನ್ನುವಲ್ಲಿಂದ ಇಲ್ಲ ಎನ್ನುವಲ್ಲಿಗೆ ಒಂದು ಹೆಜ್ಜೆ ಇಡಬೇಕು. ನನ್ನ ವೃತ್ತಿಯೆಲ್ಲ ನಿಂತಿರುವುದು ಆ ಹೆಜ್ಜೆಯ ಮೇಲೆ. ಅದೇ ಹೆಜ್ಜೆಯನ್ನು 2021ರಲ್ಲಿ ಒಬ್ಬ ಮನುಷ್ಯನ ವಿಷಯದಲ್ಲಿ ಇಟ್ಟು ನಾನು ಅನ್ಯಾಯ ಮಾಡಿದೆ. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಲಿಂಗರಾಜಪುರದಲ್ಲಿ, ಮೇಲ್ಸೇತುವೆಯಿಂದ ನಡೆದು ಬರುವಷ್ಟು ದೂರ. ಕೆಳಗೆ ರೈಲು, ಮೇಲೆ ಹೆಣ್ಣೂರು ರಸ್ತೆಯ ವಾಹನಗಳು. ರಾತ್ರಿ ಗೂಡ್ಸ್ ಗಾಡಿ ಹೋದರೆ ಮಹಡಿಯ ಕಿಟಕಿ ಸಣ್ಣಗೆ ನಡುಗುತ್ತದೆ. ಬೆಳಗ್ಗೆ ಆಜಾನ್, ಭಾನುವಾರ ಚರ್ಚಿನ ಗಂಟೆ, ಶ್ರಾವಣದಲ್ಲಿ ಅಮ್ಮನ ಗುಡಿಯ ಮೈಕು. ತಮಿಳು, ಉರ್ದು, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಮಾತಾಡುವ ಮಕ್ಕಳು. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರಾಗಿದ್ದರು. ತೊಂಬತ್ತರ ದಶಕದ ಮೊದಲಿಗೆ ಇಲ್ಲಿ ಸೈಟು ಅವರ ಸಂಬಳಕ್ಕೆ ಎಟುಕಿತು, ಬಂದೆವು. ಕೆಳಗಿನ ಮನೆಯಲ್ಲಿ ಒಬ್ಬ ಆಂಟಿ ಇದ್ದಾರೆ. ಅವರ ಯಜಮಾನರು ಐಟಿಸಿ ಸಿಗರೇಟು ಕಾರ್ಖಾನೆಯಲ್ಲಿ ದುಡಿದವರು. ಗೇಟಿನಲ್ಲಿ ಕಾರ್ಡು ಪಂಚ್ ಮಾಡಿದರೆ ಹಾಜರಿ, ಇಲ್ಲದಿದ್ದರೆ ಗೈರು. ಆ ಕಾಲದ ಕೆಲಸಕ್ಕೆ ಆ ಲೆಕ್ಕ ಸರಿಯಾಗಿತ್ತು. ಯಂತ್ರದ ಮುಂದೆ ಆಳು ಇಲ್ಲ ಎಂದರೆ ಕೆಲಸ ಇಲ್ಲ ಎಂದೇ ಅರ್ಥ.

2020ರ ಮಾರ್ಚ್ 22, ಭಾನುವಾರ, ಜನತಾ ಕರ್ಫ್ಯೂ. ಅದಕ್ಕೆ ಎರಡು ದಿನ ಮೊದಲು ನಮ್ಮ ತಂಡದವರು ಆಫೀಸಿನ ಬೀರುವಿನಲ್ಲಿದ್ದ ಪರೀಕ್ಷೆಯ ಫೋನುಗಳನ್ನು ಸಹಿ ಹಾಕಿ ಹಂಚಿಕೊಂಡು, ಬ್ಯಾಗಿಗೆ ತುಂಬಿಕೊಂಡು ಮನೆಗೆ ಹೋಗಿದ್ದರು. 25ರಿಂದ ಲಾಕ್‌ಡೌನ್. ಬೆಂಗಳೂರಿನ ಪೇಯಿಂಗ್ ಗೆಸ್ಟ್ ಕೋಣೆಗಳು ಖಾಲಿಯಾಗುತ್ತ ಬಂದಂತೆ ನನ್ನ ಒಂಬತ್ತು ಜನ ಚದುರಿಹೋದರು: ಇಬ್ಬರು ಹುಬ್ಬಳ್ಳಿ, ಇಬ್ಬರು ಮೈಸೂರು, ಒಬ್ಬಳು ಕಾಸರಗೋಡಿನ ಬದಿಯಡ್ಕ, ಒಬ್ಬ ಹೊಸಪೇಟೆ, ಒಬ್ಬ ಶಿರಸಿಯಿಂದ ಒಳಗಿನ ಒಂದು ಹಳ್ಳಿ. ಕೆ.ಆರ್. ಪುರದವನೂ ಹಲಸೂರಿನವಳೂ ಮಾತ್ರ ಊರಲ್ಲೇ ಉಳಿದರು. ಸರ್ವರ್ ನೋಡಿಕೊಳ್ಳುವ ಡೆವಲಪರುಗಳು ಕೆನಡಾದ ಟೊರಾಂಟೊದಲ್ಲಿ, ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಡಿಗೆಮನೆಗೂ ಹಾಲಿಗೂ ನಡುವಿನ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ನಾನು ಈ ತಂಡಕ್ಕೆ ದೂರದಿಂದಲೇ 'ಲೀಡ್' ಆದೆ.

ಆ ಮೂಲೆಯಿಂದ ನನಗೆ ಕಾಣುತ್ತಿದ್ದದ್ದು ಒಂದು ಹೆಸರಿನ ಪಟ್ಟಿ, ಪ್ರತಿ ಹೆಸರಿನ ಪಕ್ಕ ಒಂದು ಚುಕ್ಕೆ. ಹಸಿರಾದರೆ ಇದ್ದಾರೆ, ಹಳದಿಯಾದರೆ ಎದ್ದು ಹೋಗಿದ್ದಾರೆ. ಮೇಲಿನವರು ಒಂದು ಹೆಜ್ಜೆ ಮುಂದೆ ಹೋಗಿ, ಹತ್ತು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ತೆಗೆಯುವ, ಕೀಲಿ ಒತ್ತಿದ್ದನ್ನು ಎಣಿಸುವ ಸಾಫ್ಟ್‌ವೇರು ಹಾಕೋಣ ಅಂದರು. ನಾನು ಒಪ್ಪಲಿಲ್ಲ. ಟೆಸ್ಟಿಂಗಿನಲ್ಲಿ ಅರ್ಧ ಕೆಲಸ ಕಾಯುವುದು, ನೋಡುವುದು, ಯೋಚಿಸುವುದು. ಸರ್ವರ್ ಉತ್ತರ ಕೊಡದೆ ಮೂವತ್ತು ಸೆಕೆಂಡು ಕಳೆದರೆ ಏನಾಗುತ್ತದೆ ಎಂದು ನೋಡುವವನ ಕೈ ಆ ಮೂವತ್ತು ಸೆಕೆಂಡು ಸುಮ್ಮನೇ ಇರಬೇಕು. ಹೀಗೆಲ್ಲ ವಾದಿಸಿದೆ. ಜಗತ್ತಿನ ಬೇರೆ ಕಡೆ ಅಂಥ ಸಾಫ್ಟ್‌ವೇರು ಹೆಚ್ಚಿದ ಹಾಗೆ, ಮೌಸನ್ನು ತಾನಾಗಿ ಅಲ್ಲಾಡಿಸುವ ಸಣ್ಣ ಯಂತ್ರಗಳ ಮಾರಾಟವೂ ಹೆಚ್ಚಿತು. ನೋಡುವವರು ಒಂದು ಸುಳ್ಳನ್ನು ನೋಡಿದರು, ನೋಡಿಸಿಕೊಳ್ಳುವವರು ಇನ್ನೊಂದನ್ನು ತೋರಿಸಿದರು. ಸ್ಕ್ರೀನ್‌ಶಾಟು ಬೇಡ ಎಂದು ಗೆದ್ದವಳು ನಾನು. ಆದರೆ ಚುಕ್ಕೆಯನ್ನು ದಿನಕ್ಕೆ ನೂರು ಸಲ ನೋಡುತ್ತಿದ್ದವಳೂ ನಾನೇ.

ಒಂದು ಸಂಜೆ ಅಪ್ಪನಿಗೆ ಕಾಫಿ ಕೊಡುತ್ತ, "ಶಿರಸಿ ಹುಡುಗ ಇವತ್ತೂ ಇಲ್ಲ" ಅಂದೆ.

"ಇಲ್ಲ ಅಂತ ಹೇಗೆ ಗೊತ್ತಾಯ್ತು?"

"ಕಾಣ್ತಾ ಇಲ್ಲವಲ್ಲಪ್ಪ."

ಅಪ್ಪ ಖಾಲಿ ನೆಲ ತೋರಿಸಿದರು. "ಇಲ್ಲಿ ಮಡಕೆ ಇದೆಯಾ?"

"ಇಲ್ಲ."

"ಹೇಗೆ ಗೊತ್ತು?"

"ಕಾಣ್ತಾ ಇಲ್ಲ."

"ಇಲ್ಲಿ ಪಿಶಾಚಿಯೂ ಕಾಣ್ತಾ ಇಲ್ಲ. ಅದೂ ಇಲ್ಲ ಅಂತೀಯ? ಅನ್ನು, ಬೇಡ ಅನ್ನಲ್ಲ. ಆದರೆ ಕಾಣ್ತಿಲ್ಲ ಅನ್ನೋ ಕಾರಣಕ್ಕೆ ಅನ್ನಬೇಡಮ್ಮ."

ನನಗೆ ಆಗ ರೇಗಿತು. ಸಂಜೆ ಆರೂವರೆಗೆ ಟೊರಾಂಟೊದವರ ಜೊತೆ ಕಾಲ್ ಇತ್ತು. ಅಪ್ಪನ ಮಡಕೆಯ ಅರ್ಥ ಆದದ್ದು ಐದು ತಿಂಗಳ ಮೇಲೆ, ಆಗಬಾರದ್ದು ಆದ ಮೇಲೆ.

ನೆಲದ ಮೇಲಿನ ಈ ಮಡಕೆಯ ಸುತ್ತ ನಮ್ಮ ದೇಶದಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜಗಳ ನಡೆದಿದೆ. 'ಇಲ್ಲ' ಎನ್ನುವುದನ್ನು ನಾವು ಯಾವ ದಾರಿಯಿಂದ ತಿಳಿಯುತ್ತೇವೆ ಎನ್ನುವುದು ಪ್ರಶ್ನೆ. ನ್ಯಾಯ ದರ್ಶನದ ನೈಯಾಯಿಕರು, ಅದೂ ಕಣ್ಣಿನಿಂದಲೇ ತಿಳಿಯುತ್ತದೆ ಅಂದರು. ಏಳನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ, ಕಣ್ಣಿಗೆ ಸಿಗುವುದು ಇರುವುದು ಮಾತ್ರ, ಇಲ್ಲದ್ದನ್ನು ತಿಳಿಯಲು ಬೇರೆಯೇ ಒಂದು ಪ್ರಮಾಣ, ಅಂದರೆ ತಿಳಿಯುವ ದಾರಿ, ಬೇಕು ಅಂದ. ಅದು ಅನುಪಲಬ್ಧಿ, ಅಂದರೆ ಸಿಗದಿರುವಿಕೆ. ಮುಂದೆ ಅದ್ವೈತಿಗಳು ಅದನ್ನೇ ಆರನೆಯ ಪ್ರಮಾಣವಾಗಿ ಎಣಿಸಿದರು. ಮೀಮಾಂಸೆಯೊಳಗೇ ಇದ್ದ ಪ್ರಭಾಕರನ ಮಾತು ಇನ್ನೂ ಕಟ್ಟುನಿಟ್ಟು: 'ಮಡಕೆ ಇಲ್ಲದಿರುವಿಕೆ' ಎಂಬ ಪದಾರ್ಥವೇ ಇಲ್ಲ, ನೀನು ಕಂಡದ್ದು ಬರಿಯ ನೆಲ. ಇವರೆಲ್ಲರಿಗೂ ಎದುರುಪಕ್ಷವಾಗಿದ್ದ ಬೌದ್ಧ ಧರ್ಮಕೀರ್ತಿಯೂ ಸಿಗದಿರುವಿಕೆಯನ್ನು ಒಂದು ಹೇತುವಾಗಿ ಒಪ್ಪಿದ, ಆದರೆ ಒಂದು ಷರತ್ತು ಹಾಕಿ. ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವಂಥ ವಸ್ತು ಕಾಣದಿದ್ದರೆ ಮಾತ್ರ ಇಲ್ಲ ಎನ್ನಬಹುದು. ಹಗಲು ಬೆಳಕಿದೆ, ಕಣ್ಣು ಸರಿಯಿದೆ, ನೆಲ ಎದುರಿಗಿದೆ, ಮಡಕೆ ಕಣ್ಣಿಗೆ ಬೀಳುವ ವಸ್ತು. ಆದರೂ ಕಾಣದಿದ್ದರೆ ಮಡಕೆ ಇಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ. ಇದಕ್ಕೆ ಕುಮಾರಿಲನ ಅನುಯಾಯಿಗಳಾದ ಭಾಟ್ಟರು 'ಯೋಗ್ಯ' ಅನುಪಲಬ್ಧಿ ಅಂದರು. ಕಾಣದಿರುವುದಕ್ಕೂ ಒಂದು ಯೋಗ್ಯತೆ ಬೇಕು.

ಧರ್ಮಕೀರ್ತಿಯ ಮುಂದಿನ ಮಾತನ್ನು ಅಪ್ಪ ಹೇಳಿದಾಗ ನಾನು ಕುರ್ಚಿಯಲ್ಲಿ ನೇರ ಕೂತೆ. ಮೂರು ರೀತಿಯಲ್ಲಿ ದೂರವಾದ ವಸ್ತುಗಳಿವೆ: ದೇಶದಿಂದ ದೂರ, ಕಾಲದಿಂದ ದೂರ, ಸ್ವಭಾವದಿಂದಲೇ ದೂರ. ಇಂಥವು ಕಾಣದಿದ್ದರೆ ಅದರಿಂದ ಹುಟ್ಟುವುದು ಸಂಶಯ ಮಾತ್ರ, 'ಇಲ್ಲ' ಎಂಬ ನಿಶ್ಚಯ ಹುಟ್ಟುವುದಿಲ್ಲ. ಇವುಗಳಿಗೆ ಅವನು ಬಳಸಿದ ಶಬ್ದ ವಿಪ್ರಕೃಷ್ಟ. ದೂರದಲ್ಲಿರುವುದು. ನಾವು ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಹೇಳುವ 'ರಿಮೋಟ್' ಎಂಬುದಕ್ಕೆ ಇದಕ್ಕಿಂತ ಸರಿಯಾದ ಶಬ್ದ ನನಗೆ ಗೊತ್ತಿಲ್ಲ. ಶಿರಸಿಯ ಹಳ್ಳಿ ದೇಶದಿಂದ ದೂರ. ನಾವು ಮಲಗಿದಾಗ ಎದ್ದಿರುವ ಟೊರಾಂಟೊ ಕಾಲದಿಂದ ದೂರ. ಒಬ್ಬ ಪರೀಕ್ಷಕನ ತಲೆಯೊಳಗೆ ಒಂದು ಅನುಮಾನ ಮೂಡಿ ಬಲಿಯುವುದು ಸ್ವಭಾವದಿಂದಲೇ ದೂರ. ಅವನು ಪಕ್ಕದ ಕುರ್ಚಿಯಲ್ಲಿ ಕೂತಿದ್ದರೂ ನನಗೆ ಕಾಣದು.

ಇನ್ನು ಆದದ್ದನ್ನು ಹೇಳುತ್ತೇನೆ.

ನಾವು ಪರೀಕ್ಷಿಸುತ್ತಿದ್ದದ್ದು ವಿಮೆಯ ಕಂತು ಕಟ್ಟುವ ಒಂದು ಆ್ಯಪ್. ಶಿರಸಿಯ ಹುಡುಗ ಪಾವತಿಯ ಭಾಗ ನೋಡುತ್ತಿದ್ದ. ಮಾತು ಕಡಿಮೆ. 2021ರ ಜೂನ್‌ನಿಂದ ಅವನ ಚುಕ್ಕೆ ಹಳದಿಯಾಗುತ್ತ ಬಂತು, ಬೆಳಗಿನ ಸ್ಟ್ಯಾಂಡಪ್ ಸಭೆಯಲ್ಲಿ "ಪೇಮೆಂಟ್ ನೋಡ್ತಿದ್ದೇನೆ ಮೇಡಂ" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಜುಲೈ ಕೊನೆಯಲ್ಲಿ ಉತ್ತರ ಕನ್ನಡದಲ್ಲಿ ಸುರಿದ ಮಳೆ ಓದುಗರಿಗೆ ನೆನಪಿರಬಹುದು, ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದ ವಾರ. ಕರೆಂಟು ದಿನಗಟ್ಟಲೆ ಇಲ್ಲ, ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಆಗಸ್ಟಿನಲ್ಲಿ ಮಳೆ ಕಡಿಮೆಯಾದ ಮೇಲೂ ಚುಕ್ಕೆ ಹಳದಿಯೇ. ಮೂರು ತಿಂಗಳಲ್ಲಿ ಅವನು ದಾಖಲಿಸಿದ ಬಗ್ ಏಳು. ಹುಬ್ಬಳ್ಳಿಯವರು ತಲಾ ನಲವತ್ತು ದಾಟಿಸಿದ್ದರು. ಸೆಪ್ಟೆಂಬರಿನ ಅಪ್ರೈಸಲ್‌ನಲ್ಲಿ ಅವನ ಹೆಸರಿನ ಎದುರು ನಾನು ಬರೆದದ್ದು ಒಂದೇ ಸಾಲು: ಕೆಲಸ ಕಾಣಿಸುತ್ತಿಲ್ಲ. ಕಾಣಿಸುತ್ತಿಲ್ಲ ಎಂದು ನಾನು ಬರೆದೆ, ಮಾಡುತ್ತಿಲ್ಲ ಎಂದು ಮೇಲಿನವರು ಓದಿದರು. ನಾನು ಬರೆದ ಅರ್ಥವೂ ಅದೇ ಆಗಿತ್ತು. ಅಕ್ಟೋಬರಿನಲ್ಲಿ ಅವನು ರಾಜೀನಾಮೆ ಕೊಟ್ಟ. ವಾದ ಮಾಡಲಿಲ್ಲ.

ನವೆಂಬರಿನಲ್ಲಿ ಅವನ ಬಾಕಿ ಟಿಕೆಟುಗಳನ್ನು, ಅಂದರೆ ಬಗ್ಗುಗಳ ದಾಖಲೆಗಳನ್ನು, ಬೇರೆಯವರಿಗೆ ಹಂಚಲು ಕೂತಾಗ ಒಂದು ಕಣ್ಣಿಗೆ ಬಿತ್ತು. ಯಾರಿಗೂ ಕಳಿಸದೆ ಹಾಗೇ ಇಟ್ಟುಕೊಂಡದ್ದು. ಅದಕ್ಕೆ ಅಂಟಿಸಿದ್ದ ಫೋಟೋಗಳಲ್ಲಿ ಶಾಲೆಯ ಗೆರೆ ಪುಸ್ತಕದ ಹಾಳೆಗಳು, ನೀಲಿ ಬಾಲ್‌ಪೆನ್ನಿನ ಅಕ್ಷರ. ತಾರೀಖು, ಗಂಟೆ, ಸಿಗ್ನಲ್ ಎಷ್ಟು ಕಡ್ಡಿ, 'ಪಾವತಿಸಿ' ಒತ್ತಿದ ಎಷ್ಟು ಸೆಕೆಂಡಿಗೆ ಸಿಗ್ನಲ್ ಹೋಯಿತು, ಎಷ್ಟಕ್ಕೆ ಮರಳಿತು, ದುಡ್ಡು ಎಷ್ಟು ಸಲ ಕಟ್ ಆಯಿತು. ಒಟ್ಟು 211 ಪ್ರಯತ್ನ. ಅದರಲ್ಲಿ ನಾಲ್ಕು ಸಲ, ನಾಲ್ಕೇ ಸಲ, ಟೆಸ್ಟ್ ಖಾತೆಯಿಂದ ಕಂತಿನ ದುಡ್ಡು ಎರಡೆರಡು ಬಾರಿ ಹೋಗಿತ್ತು.

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಒಬ್ಬರು ದುಡ್ಡು ಕಟ್ಟಿದಾಗ ಆ್ಯಪ್ ಆ ಪಾವತಿಗೆ ಒಂದು ಗುರುತಿನ ಸಂಖ್ಯೆ ಕೊಟ್ಟು ಸರ್ವರಿಗೆ ಕಳಿಸುತ್ತದೆ. ಉತ್ತರ ಬರುವ ಮುಂಚೆ ಸಂಪರ್ಕ ಹೋದರೆ, ಮರಳಿದ ಮೇಲೆ ಅದೇ ಸಂಖ್ಯೆಯಲ್ಲಿ ಇನ್ನೊಮ್ಮೆ ಕೇಳಬೇಕು. ಆಗ ಸರ್ವರ್, ಇದು ಆಗಲೇ ಬಂದಿದೆ ಎಂದು ಗುರುತಿಸಿ ಎರಡನೆಯದನ್ನು ಬಿಡುತ್ತದೆ. ನಮ್ಮ ಆ್ಯಪ್ ಸಾಮಾನ್ಯವಾಗಿ ಹಾಗೆಯೇ ಮಾಡುತ್ತಿತ್ತು. ಆದರೆ ಸಂಪರ್ಕ ಹೋಗುವುದು, ಮೂವತ್ತು ಸೆಕೆಂಡಿನ ಗಡುವು ಮುಗಿಯುವುದು, ಸಂಪರ್ಕ ಮರಳುವುದು, ಈ ಮೂರೂ ಒಂದಕ್ಕೊಂದು ತೀರ ಹತ್ತಿರ ಬಂದರೆ ಹೊಸ ಸಂಖ್ಯೆ ಹುಟ್ಟುತ್ತಿತ್ತು. ಸರ್ವರಿಗೆ ಅದು ಹೊಸ ಪಾವತಿ. ಲಿಂಗರಾಜಪುರದ ನನ್ನ ಬ್ರಾಡ್‌ಬ್ಯಾಂಡಿನಲ್ಲಿ ಇದು ಜನ್ಮದಲ್ಲಿ ಆಗುವುದಿಲ್ಲ. ನೆಟ್‌ವರ್ಕನ್ನು ನಿಧಾನ ಮಾಡಿ ತೋರಿಸುವ ಟೂಲಿನಲ್ಲೂ ಆಗಲಿಲ್ಲ. ಟೂಲು ನಿಧಾನ ಮಾಡುತ್ತದೆ, ಗುಡ್ಡದ ಗಾಳಿಯ ಹಾಗೆ ಕಿತ್ತು ಮರಳಿ ಕೊಡುವುದಿಲ್ಲ. ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ, ತಗಡಿನ ಮಾಡಿನ ಕೆಳಗೆ, ಬಂದು ಹೋಗುವ ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ಮಾತ್ರ ಆಗುತ್ತಿತ್ತು. ನಮ್ಮ ಗ್ರಾಹಕರಲ್ಲಿ ಎಷ್ಟೋ ಮಂದಿ ಅಂಥ ಸಿಗ್ನಲ್ಲಿನವರೇ. ಅವನ ಚುಕ್ಕೆ ಹಳದಿಯಾಗಲು ಯಾವುದು ಕಾರಣವೋ ಅದನ್ನೇ ಅವನು ಉಪಕರಣ ಮಾಡಿಕೊಂಡಿದ್ದ. ಸಂಪರ್ಕ ತಪ್ಪಿದ ಆ ಕ್ಷಣಗಳಲ್ಲೇ ಅವನ ಕೆಲಸ ನಡೆದಿತ್ತು.

ಫೋನ್ ಮಾಡಿದೆ. ತೋಟ ನೋಡಿಕೊಳ್ಳುತ್ತ ಬೇರೊಂದು ಕಂಪನಿಗೆ ಕೆಲಸ ಮಾಡುತ್ತಿದ್ದ. "ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಖಾತ್ರಿ ಆಗ್ದೆ ಹೆಂಗೆ ಹೇಳೋದು ಮೇಡಂ? ಇನ್ನೂರು ಸಲಕ್ಕೆ ನಾಲ್ಕು ಬಂದ್ರೆ ಡೆವಲಪರ್ ನಾಟ್ ರಿಪ್ರೊಡ್ಯೂಸಿಬಲ್ ಅಂತ ಹಾಕಿ ಮುಚ್ತಾರೆ. ನೀವೂ ಎಣಿಸ್ತಿದ್ರಿ. ಮುಚ್ಚಿದ ಬಗ್ ಲೆಕ್ಕಕ್ಕೆ ಬರ್ತಿರ್ಲಿಲ್ಲ."

ನಾನು ತಪ್ಪಾಯಿತು ಅಂದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ, ಜೀರುಂಡೆಯ ಸದ್ದು ಮಾತ್ರ. ಆಮೇಲೆ, "ಇರ್ಲಿ ಬಿಡಿ ಮೇಡಂ. ಅದು ಫಿಕ್ಸ್ ಆಯ್ತಾ?" ಅಂದ.

ಡಿಸೆಂಬರಿನಲ್ಲಿ ಆಯಿತು. ಟಿಕೆಟಿನ 'ವರದಿ ಮಾಡಿದವರು' ಎಂಬ ಅಂಕಣದಲ್ಲಿ ಅವನ ಹೆಸರೇ ಇದೆ. ಕಂಪನಿ ಬಿಟ್ಟವರ ಹೆಸರಿನ ಮುಂದೆ ಆ ಸಾಫ್ಟ್‌ವೇರು ತಾನಾಗಿ 'ಇನ್‌ಆ್ಯಕ್ಟಿವ್' ಎಂದು ಸೇರಿಸುತ್ತದೆ. ಅದನ್ನು ತೆಗೆಸಲು ನಾನು ಕೇಳಿಕೊಂಡೆ, ಸಾಧ್ಯವಿಲ್ಲ ಅಂದರು.

ಅವನು ಹೆದರಿದ 'ನಾಟ್ ರಿಪ್ರೊಡ್ಯೂಸಿಬಲ್', ಅಂದರೆ ಮತ್ತೆ ಬರಿಸಿ ತೋರಿಸಲಾಗದ್ದು, ಎಂಬ ಮಾತು ನಮ್ಮ ವೃತ್ತಿಯಲ್ಲಿ ಜೀವ ತೆಗೆದಿದೆ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಕೆಲವರು ಸತ್ತರು. ಯಂತ್ರ ಮಾಡಿದವರ ಪರೀಕ್ಷೆಯಲ್ಲಿ ತಪ್ಪು ಕಾಣಲಿಲ್ಲ, ಹಾಗಾಗಿ ಅಂಥದ್ದು ಆಗಲು ಸಾಧ್ಯವೇ ಇಲ್ಲ ಅಂದರು. ಟೆಕ್ಸಸ್‌ನ ಟೈಲರ್ ಎಂಬ ಊರಿನ ಆಸ್ಪತ್ರೆಯಲ್ಲಿ ಭೌತವಿಜ್ಞಾನಿ ಮತ್ತು ಯಂತ್ರ ನಡೆಸುತ್ತಿದ್ದ ಮಹಿಳೆ ಇಬ್ಬರೂ ಕೂತು, ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ಅದನ್ನು ಬರಿಸಿದರು. ನುರಿತ ಕೈ ಬೇಗ ಬೇಗ ಟೈಪ್ ಮಾಡಿ, ಎಂಟು ಸೆಕೆಂಡಿನೊಳಗೆ ತಿದ್ದುಪಡಿ ಮುಗಿಸಿದರೆ ಮಾತ್ರ ತಪ್ಪು ಬರುತ್ತಿತ್ತು. ಪರೀಕ್ಷಿಸಿದವರ ಕೈ ನಿಧಾನದ್ದು. ನಿಧಾನದ ಕೈಗೆ ಆ ತಪ್ಪು ವಿಪ್ರಕೃಷ್ಟ. ಅವರ ಕಾಣದಿರುವಿಕೆಗೆ ಯೋಗ್ಯತೆ ಇರಲಿಲ್ಲ.

ಕಣ್ಣಿನ ಯೋಗ್ಯತೆಗೆ ಕನ್ನಡದ್ದೇ ಒಂದು ಉದಾಹರಣೆ ನನ್ನ ತಂಡದಲ್ಲಿದೆ. ಪೊಲೀಸ್ ಇಲಾಖೆಯವರಿಗೆಂದು ಇದ್ದ ಒಂದು ಅರ್ಜಿಯಲ್ಲಿ 'ರ‍್ಯಾಂಕ್' ಎಂಬ ಅಂಕಣವಿತ್ತು. ಕಂಪ್ಯೂಟರಿಗೆ ರಕಾರದ ಮುಂದೆ ಯಕಾರ ಕೊಟ್ಟರೆ ಅದು ಅರ್ಕಾವೊತ್ತು ಹಾಕಿ 'ರ್ಯಾಂಕ್' ಮಾಡುತ್ತದೆ. ಹಾಗಾಗದಿರಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸಬೇಕು. ಕಾಣದ ಸಂಕೇತಗಳೆಲ್ಲ ಕಸ ಎಂದು ಒಬ್ಬ ಡೆವಲಪರ್ ಅವನ್ನು ಗುಡಿಸಿಹಾಕುವ ಒಂದು ಸಾಲು ಬರೆದಿದ್ದ. ಮೊದಲಿದ್ದ ಪರೀಕ್ಷಕರು ಕನ್ನಡ ಓದಬಲ್ಲವರಾಗಿರಲಿಲ್ಲ. ಚಿತ್ರಕ್ಕೆ ಚಿತ್ರ ಹೋಲಿಸಿ ಪಾಸ್ ಕೊಟ್ಟಿದ್ದರು. ಬದಿಯಡ್ಕದ ಹುಡುಗಿ ಬಂದ ಮೊದಲ ವಾರದಲ್ಲೇ ಹಿಡಿದಳು. ಕೇರಳದಲ್ಲಿದ್ದುಕೊಂಡು ಕನ್ನಡ ಶಾಲೆಯಲ್ಲಿ ಓದಿದವಳು, ಅಕ್ಷರದ ವಿಷಯದಲ್ಲಿ ನಮಗಿಂತ ಹುಷಾರು. ಕಾಣದ್ದನ್ನು ಇಲ್ಲವೆಂದುಕೊಂಡು ಗುಡಿಸಿದರೆ ಕಾಣುವುದೂ ಕೆಡುತ್ತದೆ ಎನ್ನುವುದನ್ನು ಅವತ್ತೇ ನಾನು ಕಲಿತಿರಬೇಕಿತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಕಾಣದ್ದನ್ನು ಇಲ್ಲವೆನ್ನಬಾರದು ಎಂದರೆ ಮೈಗಳ್ಳರಿಗೆ ಬಾಗಿಲು ತೆಗೆದಂತಾಗಲಿಲ್ಲವೇ? ಆಗುವುದಿಲ್ಲ. ಅದೇ ನಿಯಮ ಮೈಗಳ್ಳನನ್ನೂ ಹಿಡಿಯುತ್ತದೆ. ಮುಂದಿನ ವರ್ಷ ನನ್ನ ತಂಡದಲ್ಲಿ ಒಬ್ಬನ ಚುಕ್ಕೆ ಬೆಳಗಿನಿಂದ ರಾತ್ರಿವರೆಗೆ ಹಸಿರು. ಒಂದು ಬಿಲ್ಡಿನಲ್ಲಿ 112 ಟೆಸ್ಟ್ ಕೇಸ್ ನಡೆಸಿ ಎಲ್ಲಕ್ಕೂ ಪಾಸ್ ಕೊಟ್ಟಿದ್ದ. ಅದರಲ್ಲಿ ಒಂಬತ್ತು, ನಾಮಿನಿ ಬದಲಿಸುವ ಪುಟಕ್ಕೆ ಸೇರಿದ್ದವು. ಆ ಪುಟವನ್ನು ಡೆವಲಪರುಗಳು ಆ ಬಿಲ್ಡಿಗೆ ಸೇರಿಸಿಯೇ ಇರಲಿಲ್ಲ. ನಿಜವಾಗಿ ನೋಡಿದ್ದರೆ ಪುಟವೇ ಇಲ್ಲ ಎನ್ನುವುದು ಅವನ ಕಣ್ಣಿಗೆ ಬೀಳಲೇಬೇಕಿತ್ತು, ಬೀಳಲಿಲ್ಲ; ಆದ್ದರಿಂದ ಅವನು ನೋಡಿಲ್ಲ. ಇದು ಯೋಗ್ಯವಾದ ಅನುಪಲಬ್ಧಿ. ಇಲ್ಲಿ ನಾನು 'ಇಲ್ಲ' ಎಂದು ಧೈರ್ಯವಾಗಿ ಬರೆದೆ. ಹಸಿರು ಚುಕ್ಕೆಯವನು ಕೆಲಸ ಮಾಡಿರಲಿಲ್ಲ, ಹಳದಿ ಚುಕ್ಕೆಯವನು ಮಾಡಿದ್ದ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಆಳದ್ದು. ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಬೇಕು, ಅದು ಸರಿಯೇ ಎಂದು ತಿಳಿಯಲು ಮತ್ತೊಂದು. ಸ್ಕ್ರೀನ್‌ಶಾಟನ್ನು ನೋಡುವವರು ಸರಿಯಾಗಿ ನೋಡಿದರೇ ಎಂದು ನೋಡುವವರು ಯಾರು? ಇದಕ್ಕೆ ಕೊನೆಯಿಲ್ಲ. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಈ ಸರಪಳಿಯನ್ನು ಸಾಕ್ಷಿಯಲ್ಲಿ ನಿಲ್ಲಿಸಿದರು. ಪರೀಕ್ಷೆ ಬೇಕು, ಅದು ಸಂಶಯವನ್ನು ಕಳೆಯುತ್ತದೆ. ಆದರೆ 'ಹೌದು, ಇದು ನಿಜ' ಎಂದು ಕೊನೆಗೆ ಒಪ್ಪುವುದು ತಿಳಿಯುವವನ ಒಳಗಿರುವ ಸಾಕ್ಷಿ, ಅದಕ್ಕೆ ಇನ್ನೊಂದು ಪ್ರಮಾಣಪತ್ರ ಬೇಕಿಲ್ಲ. ನಾನು ಮಾಧ್ವ ಸಂಪ್ರದಾಯದವಳಲ್ಲ. ಆದರೂ ನನ್ನ ಕೆಲಸ ಈ ಮಾತಿನಲ್ಲಿ ನನಗೆ ಸಿಕ್ಕಷ್ಟು ಬೇರೆಲ್ಲೂ ಸಿಕ್ಕಿಲ್ಲ. ನಾನು ನಿಜವಾಗಿ ನೋಡಿದೆನೇ ಎಂದು ತನ್ನನ್ನೇ ಕೇಳಿಕೊಳ್ಳುವ ಒಂದು ದನಿ ಪ್ರತಿ ಪರೀಕ್ಷಕನಲ್ಲೂ ಇರುತ್ತದೆ. ಗುಡ್ಡ ಹತ್ತಿಸಿ 211 ಸಲ ನೋಡಿಸಿದ್ದು ಅದು. ಹೊರಗಿನಿಂದ ಸದಾ ಇಣುಕುವವರು ಇದ್ದಾಗ ಆ ದನಿ ಮೆಲ್ಲಗೆ ಸುಮ್ಮನಾಗುತ್ತದೆ, ನೋಡುವ ಹೊಣೆಯನ್ನು ಹೊರಗಿನವರಿಗೆ ಬಿಟ್ಟುಕೊಡುತ್ತದೆ. ತಂಡದ ಸಾಕ್ಷಿಯನ್ನು ಸಾಯಿಸಿ ಕಾವಲು ಇಟ್ಟರೆ ಲೀಡ್‌ಗೆ ಉಳಿಯುವುದು ಕಾವಲು ಮಾತ್ರ.

ನೋಡುವುದರ ಬಗ್ಗೆ ಇನ್ನೊಂದು ಪಾಠ ನನಗೆ ಸಿಕ್ಕಿದ್ದು ನಮ್ಮ ಮನೆಯ ವಿಳಾಸದಿಂದ. ನಮ್ಮ ಅಂಚೆ ವಿಳಾಸ ಸೇಂಟ್ ಥಾಮಸ್ ಟೌನ್, 560084. ಮೂವತ್ತು ವರ್ಷ ಬರೆದ ಆ ಹೆಸರು ಯಾರದೆಂದು ನಾನು ಯೋಚಿಸಿದ್ದೇ ಇಲ್ಲ. 2022ರ ಈಸ್ಟರಿಗೆ ಕೇಕು ಕೊಡಲು ಬಂದ ಕೆಳಮನೆಯ ಆಂಟಿಗೆ ಈ ಕಥೆಯೆಲ್ಲ ಹೇಳಿದೆ. "ನೀವು ತೋಮನ ಕೆಲಸ ಮಾಡ್ತೀರಮ್ಮ" ಅಂದರು. ಸೇಂಟ್ ಥಾಮಸ್ ಎಂದರೆ ಈ ತೋಮನೇ, ಯೇಸುವಿನ ಶಿಷ್ಯ. ಅವನ ಕಥೆ ಇರುವುದು ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿ. ಸತ್ತು ಎದ್ದ ಯೇಸು ಶಿಷ್ಯರಿಗೆ ಕಾಣಿಸಿಕೊಂಡಾಗ ತೋಮ ಅಲ್ಲಿರಲಿಲ್ಲ. ನಾವು ಕಂಡೆವು ಎಂದು ಉಳಿದವರು ಹೇಳಿದರು. ಆಣಿಯ ಗಾಯದಲ್ಲಿ ಬೆರಳಿಟ್ಟು ನೋಡಿದ ಹೊರತು ನಂಬುವುದಿಲ್ಲ ಎಂದ ತೋಮ. ಎಂಟು ದಿನದ ಮೇಲೆ ಯೇಸು ಮತ್ತೆ ಬಂದ. ಕಾಣದೆ ನಂಬುವವರು ಧನ್ಯರು ಎಂದು ಅವನು ಕೊನೆಯಲ್ಲಿ ಹೇಳಿದ್ದನ್ನೇ ಎಲ್ಲರೂ ನೆನಪಿಡುತ್ತಾರೆ. ಆಂಟಿ ನೆನಪಿಟ್ಟದ್ದು ಅದಕ್ಕೆ ಮುಂಚಿನದನ್ನು. "ಸ್ವಾಮಿ ಅವನಿಗೆ ಬಯ್ಯಲಿಲ್ಲಮ್ಮ. ಬಾ, ಮುಟ್ಟಿ ನೋಡು ಅಂತ ತಾವೇ ಗಾಯ ತೋರಿಸಿದ್ರು."

ತಾವೇ ತೋರಿಸಿದರು. ನನಗೆ ತಪ್ಪಿಹೋಗಿದ್ದದ್ದು ಇದು. ಇಣುಕಿ ನೋಡುವುದಕ್ಕೂ ಒಬ್ಬರು ತಾವಾಗಿ ತೋರಿಸುವುದಕ್ಕೂ ಬಹಳ ಅಂತರವಿದೆ. ಕೇಳುವುದು ತಪ್ಪಲ್ಲ, ತೋಮ ಕೇಳಿದ, ಪರೀಕ್ಷಕಿಯಾಗಿ ನಾನೂ ಕೇಳಲೇಬೇಕು. ಆದರೆ ಮನುಷ್ಯ ಗಾಯ ತೋರಿಸುವುದು ನಂಬಿದವರಿಗೆ ಮಾತ್ರ. ಇನ್ನೂ ಖಾತ್ರಿಯಾಗದ ಬಗ್ ಎಂದರೆ ಪರೀಕ್ಷಕನಿಗೆ ಒಂದು ಗಾಯವೇ. ಅದು ಸುಳ್ಳಾಗಬಹುದು, ನಗೆಗೀಡಾಗಬಹುದು, ಎಣಿಕೆಗೆ ಬರದೇ ಹೋಗಬಹುದು. ಎಣಿಸುವವಳಿಗೆ ಅದನ್ನು ಯಾರು ತೋರಿಸುತ್ತಾರೆ? ದೂರದ ತಂಡವನ್ನು ನಡೆಸುವವರಿಗೆ ನಂಬಿಕೆ ಬೇಕು ಎಂದು ಎಲ್ಲರೂ ಹೇಳುತ್ತಾರೆ, ಕಣ್ಣು ಮುಚ್ಚಿ ಬಿಟ್ಟುಬಿಡುವುದು ಎಂಬ ಅರ್ಥದಲ್ಲಿ. ನನಗೆ ಈಗ ಅನ್ನಿಸುವುದು ಬೇರೆ. ತೋರಿಸಲು ಭಯವಿಲ್ಲದಂತೆ ಇರುವುದೇ ನಂಬಿಕೆ.

ಸೈನ್-ಆಫ್ ಮೇಲನ್ನು ನಾನು ಬದಲಿಸಿದ್ದೇನೆ. ಪ್ರಭಾಕರನ ಮಾತು ಹಿಡಿದು, ಕಂಡ ನೆಲವನ್ನು ಮಾತ್ರ ಬರೆಯುತ್ತೇನೆ: ಯಾವ ಫೋನು, ಯಾವ ನೆಟ್‌ವರ್ಕು, ಯಾವ ಊರು, ಯಾವ ಭಾಷೆ. ಅದರ ಕೆಳಗೆ 'ನೋಡಲಾಗದೆ ಉಳಿದದ್ದು' ಎಂದು ಇನ್ನೊಂದು ಭಾಗ. ಮೊದಲ ಸಲ ಇದನ್ನು ಕಳಿಸಿದಾಗ ಮೇಲಿನವರಿಗೆ ಸಿಟ್ಟು ಬಂತು, ಈಗ ಅವರೂ ಮೊದಲು ಓದುವುದು ಅದನ್ನೇ. ಬಗ್ ಎಣಿಕೆಯನ್ನು ಅಪ್ರೈಸಲ್‌ನಿಂದ ತೆಗೆಸಿದೆ. ಅದಕ್ಕೆ ಒಂದು ವರ್ಷ ಹಿಡಿಯಿತು. ಚುಕ್ಕೆಗಳ ಪಟ್ಟಿ ನನ್ನ ಪರದೆಯಲ್ಲಿ ಈಗ ಮುಚ್ಚಿರುತ್ತದೆ. ಶುಕ್ರವಾರ ಮಧ್ಯಾಹ್ನ ಪ್ರತಿಯೊಬ್ಬರಿಗೂ ಹತ್ತು ನಿಮಿಷ ಫೋನ್ ಮಾಡುತ್ತೇನೆ, ವಿಡಿಯೊ ಇಲ್ಲದೆ. ಅಪ್ಪ ಆ ಹೊತ್ತಿಗೆ ಟಿವಿ ಸದ್ದು ಕಡಿಮೆ ಮಾಡುತ್ತಾರೆ.

ಈ ಕೆಲಸದಲ್ಲಿರುವ ಲೀಡ್‌ಗಳು, ಮ್ಯಾನೇಜರುಗಳು ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ. ದೂರದಲ್ಲಿರುವ ಯಾರ ಹೆಸರಿನ ಮುಂದೆಯಾದರೂ 'ಕಾಣಿಸುತ್ತಿಲ್ಲ' ಎಂದು ಬರೆಯುವ ಮುಂಚೆ ಅವರಿಗೆ ಒಂದು ಫೋನ್ ಮಾಡಿ. ಏನು ಮಾಡಿದೆ ಎಂದು ಕೇಳಬೇಡಿ. 'ಯಾವುದು ಇನ್ನೂ ಖಾತ್ರಿಯಾಗಿಲ್ಲ?' ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಜೂನಿನಿಂದ ಸೆಪ್ಟೆಂಬರಿನವರೆಗಿನ ಆ ನಾಲ್ಕು ತಿಂಗಳಲ್ಲಿ ಒಂದು ಸಲವೂ ನಾನು ಶಿರಸಿಯ ಹುಡುಗನಿಗೆ ಅದನ್ನು ಕೇಳಿರಲಿಲ್ಲ.